ಅಂಟು

ಮರಗೆಣಸಿನ ಹಿಟ್ಟು ಎರಡು ಹಿಡಿ, ನೀರು, ಚಿಟಿಕೆ ಪಟಿಕ.
ಸೀಮೆಎಣ್ಣೆ ಒಲೆಯ ಮೇಲೆ ತಿರುವುತ್ತ ತಿರುವುತ್ತ
ಗಂಜಿ ಅಂಟಾಗುವ ಹೊತ್ತಿಗೆ ವಾಂಡೆಗೆಯ ಏಳುತ್ತದೆ.
ಕಸದ ತೊಟ್ಟಿಯ ಮೇಲೆ ಬೋಳುತಲೆಯ ಕೊಕ್ಕರೆಗಳು
ಪರೀಕ್ಷಕರ ಹಾಗೆ ಕತ್ತು ಕುಗ್ಗಿಸಿ ನಿಂತಿವೆ.

ಜೂನ್ ಕೊನೆಯ ವಾರ. ಗುಡ್ಡದ ಮೇಲಿನ ವಿಶ್ವವಿದ್ಯಾಲಯ
ತನ್ನ ಮಕ್ಕಳನ್ನೆಲ್ಲ ನನ್ನ ಗೇಣಗಲದ ಅಂಗಡಿಗೆ ಅಟ್ಟುತ್ತದೆ.
ನಿದ್ದೆಗೆಟ್ಟ ಕಣ್ಣು, ಎದೆಗವಚಿದ ಹಾಳೆ,
"ನಬುಕೇರಾ ಅಮ್ಮಾ, ನಾಲ್ಕು ಗಂಟೆಯೊಳಗೆ!"
ಎಲ್ಲರಿಗೂ ನಾಲ್ಕು ಗಂಟೆಯೊಳಗೇ.

ಸಮಾಜಶಾಸ್ತ್ರಕ್ಕೆ ಕಡುಗೆಂಪು ರಟ್ಟು, ಎಂಜಿನಿಯರಿಂಗಿಗೆ ಕಪ್ಪು,
ಕೃಷಿಗೆ ಹಸಿರು, ಅದನ್ನು ಯಾರಾದರೂ ಊಹಿಸಬಹುದು.
ಬೆನ್ನು ಕಿರಿದು, ಶೀರ್ಷಿಕೆ ಮೂರು ಸಾಲು;
ಬಂಗಾರದ ಅಕ್ಷರ ಹಿಡಿಸದಿದ್ದರೆ
"ಒಂದು ಅಧ್ಯಯನ" ಎಂಬುದನ್ನು ಮೊದಲು ಬಿಡುತ್ತೇನೆ.
ಇದುವರೆಗೆ ಯಾರೂ ದೂರಿಲ್ಲ.

ಅಚನ್ ಎಂಬ ಹುಡುಗಿ ನಲವತ್ತೊಂದು ವಿಧವೆಯರನ್ನು ಕಂಡು
ಗಡಿಕಲ್ಲು ರಾತ್ರೋರಾತ್ರಿ ಹೇಗೆ ನಡೆಯುತ್ತದೆಂದು ಬರೆದಿದ್ದಾಳೆ.
ತುಮುಹಿಂಬಿಸೆ ಭತ್ತದ ಹೊಟ್ಟಿನ ಬೂದಿ ಕಲಸಿ ಇಟ್ಟಿಗೆ ಸುಟ್ಟು
ಒಂದೊಂದನ್ನೇ ಒಡೆದಿದ್ದಾನೆ;
ನೂರಿಪ್ಪತ್ತು ಇಟ್ಟಿಗೆ, ನೂರಿಪ್ಪತ್ತು ಸಾವು,
ಕೋಷ್ಟಕ ಮಾತ್ರ ನೆಟ್ಟಗಿದೆ.
ಬೋಡಾ ಬೈಕಿನವರ ಚೀಟಿ ದುಡ್ಡಿನ ಮೇಲೊಂದು:
ಸರದಿಗೆ ಮೊದಲೇ ಸತ್ತವನ ಪಾಲು ಯಾರಿಗೆ?
ಇನ್ನೂರು ಪುಟ ಕಳೆದರೂ ಅವರು ಒಪ್ಪಿಲ್ಲ.
ಸೊಳ್ಳೆಪರದೆಯಲ್ಲಿ ಕೋಳಿಮರಿ ಸಾಕುವವರ ಮೇಲೊಂದು.
ಮನೆಯಲ್ಲಿ ಒಂದು ನುಡಿಯಲ್ಲಿ ಎಣಿಸಿ
ಶಾಲೆಯಲ್ಲಿ ಇನ್ನೊಂದರಲ್ಲಿ ತಪ್ಪುವ ಮಕ್ಕಳ ಮೇಲೊಂದು,
ಅದರ ಪುಟಸಂಖ್ಯೆಯೇ ತಪ್ಪಿತ್ತು.
ತಿದ್ದಿಕೊಟ್ಟೆ. ದುಡ್ಡು ಕೇಳಲಿಲ್ಲ.

ಕಿಯಿಂಡಿ ದಂಡೆಯ ಮೀನು ಸುಡುವ ಗೂಡಿಗೆ
ಒಬ್ಬ ಹೊಸ ಚಿಮಣಿ ಹೂಡಿ ಉಳಿದ ಸೌದೆ ತೂಗಿದ.
ಅದೇ ದಂಡೆಯಲ್ಲಿ ಒಬ್ಬಳು ಹೆಂಗಸರ ಕೆಮ್ಮು ಎಣಿಸಿದಳು.
ಸೌದೆಯವನಿಗೆ ಕೆಮ್ಮು ಕೇಳಿಸಿಲ್ಲ,
ಕೆಮ್ಮಿನವಳಿಗೆ ಚಿಮಣಿ ಕಂಡಿಲ್ಲ.
ಒಂದೇ ಮಂಗಳವಾರ, ಒಂದೇ ಒತ್ತುಹಲಗೆಯ ಕೆಳಗೆ
ಒಂದರ ಮೇಲೊಂದು ರಾತ್ರಿಯೆಲ್ಲ ಮಲಗಿದ್ದವು.
ಬೆಳಗ್ಗೆ ಕಪ್ಪೊಂದು ಕಪಾಟಿಗೆ, ಕೆಂಪೊಂದು ಕಪಾಟಿಗೆ.
ಹೇಳಬೇಕಿತ್ತೇನೋ.
ಹೇಳಲು ನಾನ್ಯಾರು?

ನಾನ್ಯಾರೆಂದು ಹೋದ ವರ್ಷ ಗೊತ್ತಾಯಿತು.
ಸಣ್ಣ ವ್ಯಾಪಾರದ ಮೇಲೆ ಬರೆದ ಹುಡುಗನ ಹಾಳೆ ಜೋಡಿಸುತ್ತಿದ್ದೆ,
ಪುಟ ಎಂಬತ್ತನಾಲ್ಕು:
"ಮಾಹಿತಿದಾರರು, ಸಂಖ್ಯೆ ಇಪ್ಪತ್ತಮೂರು. ಹೆಂಗಸು. ಐವತ್ತೆರಡು.
ರಟ್ಟು ಕಟ್ಟುವ ಕೆಲಸ. ಲೆಕ್ಕ ಬರೆದಿಡುವುದಿಲ್ಲ.
ಓದುವ ಹವ್ಯಾಸವಿಲ್ಲ."
ಅವನು ಕೇಳಿದ ದಿನ ಕೈತುಂಬ ಅಂಟು, ತಲೆತುಂಬ ಗಿರಾಕಿ;
ಹೌದಕ್ಕೂ ಇಲ್ಲಕ್ಕೂ ಒಂದೇ ತಲೆಯಾಡಿಸಿದ್ದೆ.
ಎಂಬತ್ತಮೂರರ ನಂತರ, ಎಂಬತ್ತೈದರ ಮೊದಲು,
ನನ್ನನ್ನು ಇದ್ದಲ್ಲೇ ಇಟ್ಟು ಹೊಲಿದೆ.
ದಾರ ಸ್ವಲ್ಪ ಬಿಗಿಯಾಯಿತು.

ಇನ್ನು ಒಪೊಲೊಟನ ಹಸಿರು ಪುಸ್ತಕ.
ಅರ್ಧ ದುಡ್ಡು ಕೊಟ್ಟು ಹೋದವನು ಮೂರು ವರ್ಷವಾದರೂ ಬಂದಿಲ್ಲ.
ಫೇಲಾದನೋ, ಊರು ಸೇರಿದನೋ,
ಬೋಡಾ ಚೀಟಿಯ ಆ ಸತ್ತವನೇ ಇವನೋ.
ಅದರ ಹೆಸರು: ಮರಗೆಣಸಿನ ಪಿಷ್ಟ, ಯಾವ ತಳಿ ಎಷ್ಟು ಅಂಟೀತು.
ಕರೆಂಟು ಹೋದ ಸಂಜೆಗಳಲ್ಲಿ ಮೇಣದಬತ್ತಿ ಹಚ್ಚಿ
ಬೆರಳಿಟ್ಟು ಓದಿದ್ದೇನೆ, ಎರಡು ಸಲ.
ಆ ಚಿಟಿಕೆ ಪಟಿಕ ಅಲ್ಲಿಂದ ಬಂದದ್ದು, ಪುಟ ಅರವತ್ತೊಂದು.
ಅಂದಿನಿಂದ ಜಿರಳೆ ಮುಟ್ಟಿಲ್ಲ.
ವಿಧವೆಯರು, ಇಟ್ಟಿಗೆ, ಕೆಮ್ಮು, ಚಿಮಣಿ,
ಈ ಗುಡ್ಡದಲ್ಲಿ ಒಂದಕ್ಕೊಂದು ನಂಟಿಲ್ಲದ್ದೆಲ್ಲ
ಅವನ ಅಂಟಿನಲ್ಲಿ ನಿಂತಿದೆ;
ಗುಡ್ಡಕ್ಕೆ ಗೊತ್ತಿಲ್ಲ, ಅವನಿಗೂ.

ಬಂದರೆ ಬಾಕಿ ಕೇಳುವುದಿಲ್ಲ.
ತೊಂಬತ್ತನೇ ಪುಟದಲ್ಲಿ ನನಗೊಂದು ಅನುಮಾನವಿದೆ,
ಅದನ್ನು ಕೇಳಬೇಕು.