ಕಿವಿಗಳ ಡಬ್ಬಿ

ಕಿವಿ ಮುರಿಯುವ ಕೆಲಸ ನನ್ನದು.

ಅಜ್ಜಿ ತೆಯೋಫಿಲಾ ಮುಖ ಮಾಡುತ್ತಾಳೆ,
ಪುಕಾರಾದ ಕೆಂಪು ಮಣ್ಣು ಮೊಣಕೈವರೆಗೆ.
ಮೂಗು ಎಳೆಯುವಾಗ ಉಸಿರು ಹಿಡಿದಿರುತ್ತಾಳೆ,
ತುಟಿ ಬಂದ ಮೇಲೆ ಬಿಡುತ್ತಾಳೆ.
ಮೊದಲ ಹಿಡಿ ನೆಲಕ್ಕೇ ವಾಪಸು,
ಮೂರು ಕೋಕಾ ಎಲೆಯ ಜೊತೆ.
ಕೊಟ್ಟು ತಗೋಬೇಕು, ಅನ್ನುತ್ತಾಳೆ,
ಅಂಗಡಿಯಲ್ಲಾದರೂ ಅಷ್ಟೇ ಅಲ್ಲವಾ.

ಗೂಡಿಗೆ ಲಾಮಾದ ಹಿಕ್ಕೆ, ಒಣಗಿದ ಬೆರಣಿ.
ರಾತ್ರಿಯಿಡೀ ಹೊಗೆ. ಬೆಳಿಗ್ಗೆ
ಹಿಮ ಕಚ್ಚಿದ ಹುಲ್ಲಿನ ಮೇಲೆ ಮುಖಗಳು, ಇನ್ನೂ ಬಿಸಿ;
ನಾಯಿ ಬಂದು ಪಕ್ಕದಲ್ಲಿ ಮಲಗುತ್ತದೆ.
ಪೂಮಾದ ಕೋರೆಹಲ್ಲಿನ ದೇವರು,
ಕೆನ್ನೆ ಮೇಲೆ ಕಣ್ಣೀರು ಕೊರೆಸಿಕೊಂಡ ದೇವರು,
ಬಾಯ್ತುಂಬ ಎಲೆ ಜಗಿಯುವ ಇನ್ನೊಬ್ಬ.
ಇವನು ದೇವರಲ್ಲ, ಬಸ್ಸಿನ ಕಂಡಕ್ಟರ್ ಎವಾರಿಸ್ತೊ,
ಅಜ್ಜಿಗೆ ಚಿಲ್ಲರೆ ಕೊಡದೆ ಹೋದದ್ದಕ್ಕೆ
ಇಲ್ಲಿ ಸಿಕ್ಕಿಬಿದ್ದ.

ಕುಸ್ಕೊದ ವ್ಯಾಪಾರಿ ದೋನ್ ಅನ್ಸೆಲ್ಮೊ
ತಿರುಗಿಸಿ ತಿರುಗಿಸಿ ನೋಡಿ,
"ತುಂಬಾ ಹೊಸದು" ಎಂದಿದ್ದ.
"ಒಂದು ಕಿವಿ ಮುರೀರಿ. ಎರಡು ಸಾವಿರ ವರ್ಷ ಬರುತ್ತೆ."
ಕಿವಿಗೆ ಹದಿನೈದು ಸೋಲ್ ಹೆಚ್ಚು.

ಅಂದಿನಿಂದ ನನಗೊಂದು ಸುತ್ತಿಗೆ, ಬೆರಳಿನಷ್ಟು.
ಮೆಲ್ಲಗೆ ಹೊಡೆದರೆ ಬಿರುಕು ಕೆನ್ನೆಗಿಳಿಯುತ್ತದೆ,
ಜೋರಾಗಿ ಹೊಡೆಯಬೇಕು, ಯೋಚಿಸದೆ.
ಆಮೇಲೆ ಚಹಾದ ಗಸಿ, ಮಸಿ, ಅಂಗಳದ ಧೂಳು.
ಇಷ್ಟಾದರೆ ಇಂಕಾಗಳಿಗೂ ಮುತ್ತಜ್ಜ.

ಮುರಿದ ಕಿವಿಗಳು ಹಾಲಿನ ಪುಡಿಯ ಡಬ್ಬಿಯಲ್ಲಿ.
ಎಸೆಯಲು ಬಿಡುವುದಿಲ್ಲ ಅಜ್ಜಿ.
ಗೋಡೆಗೂ ಕಿವಿ ಇರುತ್ತದಂತೆ;
ನಮ್ಮ ಗೋಡೆಗೆ ಮುಖಗಳೇ ಇವೆ, ಎಲ್ಲಕ್ಕೂ ಒಂದೊಂದೇ ಕಿವಿ.
ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಲು
ಅವಕ್ಕೆ ದಾರಿಯಿಲ್ಲ. ಕೇಳಿದ್ದೆಲ್ಲ ಒಳಗೇ.
ಅದಕ್ಕೇ ಅವುಗಳ ಮುಂದೆ ಅಜ್ಜಿ
ಅಮ್ಮನ ಮಾತೆತ್ತುವುದಿಲ್ಲ.

ಡಬ್ಬಿಯ ಮುಂದೆ ಎತ್ತುತ್ತಾಳೆ.
ಮುಚ್ಚಳ ತೆಗೆದು, ಕುರಿಚರ್ಮದ ಮೇಲೆ ಕೂತು, ಕೆಚುವಾದಲ್ಲಿ,
ನನಗೆ ನಿದ್ದೆ ಬಂದಿದೆ ಅಂದುಕೊಂಡು.
ಮೇಲೆ ಚಿನ್ನದ ಗಣಿಯ ಹೊರಗೆ
ಗಂಡಸರು ಎಸೆದ ಕಲ್ಲು ಆಯಲು ಹೋದಳು ಅಮ್ಮ.
ನಂಬರು ಇದೆ. ರಿಂಗಾಗುತ್ತದೆ.
ಆಲೂಗಡ್ಡೆ ಎರಡು ಸಲ ಒಣಗಿಸಿಟ್ಟಾಯಿತು
ಅಂತ ಡಬ್ಬಿಗೆ ಹೇಳುತ್ತಾಳೆ ಅಜ್ಜಿ,
ಹುಡುಗನಿಗೆ ಹೊಸ ಬೂಟು ಅಂತಲೂ.

ಹೋದ ವಾರ ಒಂದು ಮುಖ ಸುಟ್ಟಳು.
ಕೋರೆಯಿಲ್ಲ, ಕಣ್ಣೀರಿಲ್ಲ, ಕಿರೀಟವಿಲ್ಲ;
ಮುಂದಿನ ಹಲ್ಲುಗಳ ನಡುವೆ ಸಣ್ಣ ಸಂದು.
ಎರಡೂ ಕಿವಿ, ಓಲೆಯ ತೂತು ಸಮೇತ.

ದೋನ್ ಅನ್ಸೆಲ್ಮೊ ಅದನ್ನೇ ಎತ್ತಿಕೊಂಡ.
"ಇದೂ ಹೊಸದು."
"ಹೌದು," ಎಂದಳು ಅಜ್ಜಿ, ಕೈ ಒರೆಸುತ್ತ,
"ಮೂವತ್ತೊಂದು ವರ್ಷ ಅಷ್ಟೇ."

ಅವನು ನಗುತ್ತಾ ನನ್ನ ಕಡೆ ತಿರುಗಿ,
"ಸುತ್ತಿಗೆ ತಾರೋ" ಎಂದ.

ಹುಡುಕಿದೆ. ಗೂಡಿನ ಹಿಂದೆ, ಬೆರಣಿಯ ರಾಶಿಯಲ್ಲಿ,
ನಾಯಿಯ ಹೊಟ್ಟೆಯ ಕೆಳಗೆ ಕೂಡ.
ಬಸ್ಸು ಎರಡು ಸಲ ಹಾರ್ನ್ ಹೊಡೆಯಿತು.
ಜೇಬಿನ ಮೇಲೆ ಕೈಯಿಟ್ಟುಕೊಂಡು
ಹುಡುಕುತ್ತಲೇ ಇದ್ದೆ.