ಗುಲಗಂಜಿ ಲೆಕ್ಕ

ಭವಂತಿ ಬೀದಿಯ ಆ ಇಕ್ಕಟ್ಟಿನ ಅಂಗಡಿಗೆ
ಅಮ್ಮನ ಒಡಕು ಬಳೆ ಹಿಡಿದು ಹೋಗಿದ್ದೆ.
ಚೀಲದಲ್ಲಿ ಬಿ.ಎ. ಮಕ್ಕಳ ಅರವತ್ತೆರಡು ಉತ್ತರ ಪತ್ರಿಕೆ.
ಐದನೇ ಪ್ರಶ್ನೆ:
ರೋಮಿನ ಚಕ್ರವರ್ತಿಗಳಲ್ಲಿ ಅತಿ ಶ್ರೇಷ್ಠ ಯಾರು? ಸಮರ್ಥಿಸಿ. ಹತ್ತು ಅಂಕ.

ಬಂದರಿನ ಮೀನು ಲಾರಿಯೊಂದು
ಬೀದಿಯುದ್ದ ಉಪ್ಪುನೀರು ತೊಟ್ಟಿಕ್ಕಿಸಿ ಹೋಯಿತು.
ಉಪೇಂದ್ರ ಶೇಟರು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು
ಒಡಕಿನೊಳಗೆ ಇಳಿದಿದ್ದರು.
ಕಾದು ಬೇಸರವಾಗಿ ನಾನು ಕೆಂಪು ಪೆನ್ನು ತೆಗೆದೆ.

"ಎಂತ ಟೀಚರೆ, ಯಾರು ಗೆಲ್ತಾ ಇದ್ದಾರೆ?"
"ಅಗಸ್ಟಸ್, ಶೇಟರೆ. ಮೂವತ್ತೊಂದು ಮಕ್ಕಳು ಅವನ ಕಡೆ.
ಇಟ್ಟಿಗೆಯ ಊರನ್ನು ಅಮೃತಶಿಲೆ ಮಾಡಿಟ್ಟನಂತೆ."
"ಇಟ್ಟಿಗೆಗೆ ಎಂತ ಕಮ್ಮಿಯಂತೆ?" ಎಂದರು
ಬೋಳಾರದ ಹಂಚಿನ ಚಿಮಣಿ ನೋಡಿ ಬೆಳೆದವರು.
"ಅವನ ದುಡ್ಡಿನ ತೂಕ ಗೊತ್ತುಂಟಾ? ಹೇಳಿ. ತೂಗುವ."

ಪುಸ್ತಕದ ಕೊನೆಯ ಪುಟದಲ್ಲಿ ಪಟ್ಟಿಯಿತ್ತು.
ಅಪ್ಪನ ಕಾಲದ ಸೀಸೆಯಿಂದ ಶೇಟರು
ಕರಿಮೂತಿಯ ಕೆಂಪು ಕಾಳು ಸುರಿದುಕೊಂಡರು.
ಅಗಸ್ಟಸನ ಒಂದು ಹೊನ್ನು, ಎಂಟು ಗ್ರಾಮಿಗೆ ಚೂರು ಕಡಿಮೆ:
ಅರವತ್ತೈದು ಗುಲಗಂಜಿ.
ನೀರೋ ಬಂದ. ಐದು ಕಾಳು ಹೆಕ್ಕಿ ಕೆಳಗಿಟ್ಟರು.
ಕಾರಕಲ್ಲಾ ಬಂದ. ಇನ್ನೂ ಆರು.
"ಮುಖ?"
"ಮುಖ ಅಷ್ಟೇ ದೊಡ್ಡದು, ಶೇಟರೆ."
"ಅದು ಹಾಗೆಯೇ," ಎಂದರು. "ಮುಖ ಮಾತ್ರ ಸವೆಯುವುದಿಲ್ಲ."

ಈ ತೀರದಲ್ಲೇ ಎಲ್ಲೋ, ನದಿ ಕಡಲಿಗೆ ಬಾಯಿ ತೆರೆಯುವಲ್ಲಿ,
ಮೆಣಸಿನ ಮೂಟೆಯ ಮೇಲೆ ಕೂತವನೊಬ್ಬ
ಆ ಮುಖವನ್ನು ಹಲ್ಲಿನಲ್ಲಿ ಕಚ್ಚಿ ನೋಡಿರಬೇಕು.
ಯಾರಪ್ಪಾ ಇವನು ಎಂದು ಕೇಳಿರಲಿಕ್ಕಿಲ್ಲ.

"ಡೊಮಿಷಿಯನ್ ಅಂತ ಒಬ್ಬ. ಬೆಳ್ಳಿ ಚೊಕ್ಕ ಮಾಡಿದ.
ಆದರೆ ಹೆದರಿಸಿಯೇ ಆಳಿದ, ಎಷ್ಟೋ ಮಂದಿಯನ್ನು ಕೊಲ್ಲಿಸಿದ."
ಶೇಟರು ತಕ್ಕಡಿಯ ಸರಪಳಿ ಹಿಡಿದು ಸುಮ್ಮನಾದರು.
"ಅದು ಇದರಲ್ಲಿ ಬರುವುದಿಲ್ಲ," ಎಂದರು ಕೊನೆಗೆ.

"ಮಾರ್ಕಸ್ ಯುದ್ಧದ ಖರ್ಚಿಗೆ
ಅರಮನೆಯ ಹೊನ್ನ ಬಟ್ಟಲು, ಹೆಂಡತಿಯ ರೇಷ್ಮೆ ಎಲ್ಲ ಹರಾಜಿಗಿಟ್ಟ."
ಪ್ರತಿ ಜೂನಿನಲ್ಲಿ ಶಾಲೆ ಫೀಸಿಗೆಂದು
ಕರಿಮಣಿ ಬಿಚ್ಚಿಡುವ ಹೆಂಗಸರು ಕೂರುವ ಬೆಂಚನ್ನು
ಶೇಟರು ಒಮ್ಮೆ ನೋಡಿದರು.
"ಇಲ್ಲಿ ಕೂರಬಹುದಾದವ. ಮಗ ಹೇಗೆ?"
ನಾನು ಮಗನ ವಿಷಯ ಹೇಳಲಿಲ್ಲ.

ಐವತ್ತೆಂಟನೇ ಪತ್ರಿಕೆ, ಫ್ಲೇವಿಯಾ ಕುಟಿನ್ಹಾ.
ವಕ್ರ ಅಕ್ಷರದಲ್ಲಿ ನಾಲ್ಕೇ ಸಾಲು:
ಪರ್ಟಿನಾಕ್ಸ್. ಅವನ ಅಪ್ಪ ಮೊದಲು ಗುಲಾಮ.
ಆಳಿದ್ದು ಎಂಬತ್ತೇಳು ದಿನ. ನಾಣ್ಯಕ್ಕೆ ಬೆಳ್ಳಿ ಹೆಚ್ಚಿಸಿದ.
ಕಾವಲಿನವರೇ ಕೊಂದರು, ಆಮೇಲೆ ಸಿಂಹಾಸನ ಏಲಂ ಹಾಕಿದರು.

ಊದುಗೊಳವೆ ಬಾಯಿಂದ ತೆಗೆದು ಶೇಟರು
ಇನ್ನೊಮ್ಮೆ ಓದಿಸಿದರು.
"ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತ
ನಮ್ಮ ಮುಖಕ್ಕೇ ಹೇಳುತ್ತಾರೆ, ಟೀಚರೆ.
ಇವ ಬಿಟ್ಟ ನೋಡಿ. ಮೂರು ತಿಂಗಳೂ ಬದುಕಲಿಲ್ಲ ಪಾಪ.
ಎಷ್ಟು ಕೊಟ್ಟಿರಿ ಆ ಹುಡುಗಿಗೆ?"
"ಆರು. ಎರಡು ಪುಟ ಬರೆಯಬೇಕಿತ್ತು."
ಅವರು ಏನೂ ಹೇಳದೆ
ತಟ್ಟೆಯಿಂದ ನಾಲ್ಕು ಕಾಳು ಹೆಕ್ಕಿ ಕೆಳಗಿಟ್ಟರು.

ಬಳೆ ಕೂಡಿತ್ತು. ಜೊತೆಗೆ ಮಡಚಿದ ಒಂದು ಚೂರು ಕಾಗದ:
"ಅರ ಹಾಕಿದಾಗ ಉದುರಿದ್ದು. ಅರೆ ಗುಲಗಂಜಿ. ನಿಮ್ಮದೇ."

ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸು ಹೊರಡುವ ಮೊದಲು
ಆರನ್ನು ಹೊಡೆದು ಎಂಟು ಬರೆದೆ.
ಹತ್ತು ಬರೆಯಲು ಕೈ ಬರಲಿಲ್ಲ. ರೂಢಿ.
ಕಾಗದ ಬಿಚ್ಚಿ ನೋಡುತ್ತೇನೆ,
ಹೊಳೆಯುವ ಹುಡಿ
ಅಮ್ಮನದು, ಅಷ್ಟೂ ಇದೆ;
ಉಳಿದೆರಡು ಅಂಕ ಮಾತ್ರ
ನನ್ನ ಬೆರಳಿಗೇ ಅಂಟಿಕೊಂಡಿದೆ.