ನಲವತ್ತು ಟವೆಲು

ಮೊರ್ಕಮ್ ಕೊಲ್ಲಿಯಲ್ಲಿ ನೀರು ಹಿಂದೆ ಸರಿದರೆ
ಮೈಲಿಗಟ್ಟಲೆ ಬರೀ ಕೆಸರು ಮಿನುಗುತ್ತದೆ.
ನೀರಿರಲಿ ಕೆಸರಿರಲಿ, ಮಧ್ಯಾಹ್ನ ಎರಡೂವರೆಗೆ
ನಾನು ಬುಟ್ಟಿ ಹೊತ್ತು ಹಜಾರಕ್ಕೆ ಬರುತ್ತೇನೆ:
ನಲವತ್ತು ಟವೆಲು, ಒಗೆದದ್ದು, ಮುದ್ದೆಯಾದದ್ದು.

ನನ್ನ ಕೆಲಸಕ್ಕೆ ಇಲ್ಲಿ ಉದ್ದನೆಯ ಹೆಸರು, ಚಟುವಟಿಕೆ ಸಂಯೋಜಕಿ.
ಅಂದರೆ ಬಲೂನು ಊದುವವಳು,
ಗುಂಡಿ ತುಂಬಿದ ಡಬ್ಬಿ ಅಲುಗಿಸುವವಳು,
ಸಂಜೆ ಹಾಳೆಯ ಮೇಲೆ ಗುರುತು ಹಾಕುವವಳು:
ಭಾಗವಹಿಸಿದರು. ನಿರಾಕರಿಸಿದರು. ನಿದ್ರಿಸಿದರು.

ಹಿಲ್ಡಾ ಥ್ರೆಲ್ಫಾಲ್, ನನ್ನ ಪಾಲಿಗೆ ಹಿಲ್ಡಜ್ಜಿ.
ಬಲೂನು ಕಂಡರೆ ಸಿಟ್ಟು, "ನಾನೇನು ಕೂಸೇ?"
ಚಿತ್ರಕ್ಕೆ ಬಣ್ಣ ತುಂಬು ಅಂದರೆ
ಪೆನ್ಸಿಲು ಮುರಿದು ನನ್ನ ಅಂಗೈಗಿಟ್ಟಳು.
ಟವೆಲು ಕಂಡಾಗ ಮಾತ್ರ ಬೆನ್ನು ನೆಟ್ಟಗಾಗುತ್ತದೆ.
ಅಂಚಿಗೆ ಅಂಚು, ಮೂಲೆಗೆ ಮೂಲೆ,
ಗದ್ದದಡಿ ಒತ್ತಿ ಹಿಡಿದು ಮೂರು ಮಡಿಕೆ, ಮತ್ತೆ ಅರ್ಧ,
ಕೊನೆಗೆ ಅಂಗೈಯಿಂದ ಒಂದು ಸವರು.
ಮಗಳ ಹೆಸರು ಹೋಗಿದೆ,
ಊಟ ಆಯಿತೋ ಇಲ್ಲವೋ ಅದೂ ಹೋಗಿದೆ.
ಮಡಿಕೆ ಮಾತ್ರ ಬೆರಳ ಗೆಣ್ಣಿನಲ್ಲಿ ಕೂತಿದೆ,
ಬಾಡಿಗೆ ಕೊಡದೆ, ಖಾಲಿ ಮಾಡದೆ.

ಪಕ್ಕದಲ್ಲಿ ಸಿರಿಲ್ ಹೆಸ್ಕೆತ್,
ಮೂವತ್ತೊಂದು ವರ್ಷ ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿದ್ದವನು.
ಕುರ್ಚಿಯ ಬೆನ್ನು ಹಿಡಿದು ಎಳೆಯುತ್ತಾನೆ, ತಳ್ಳುತ್ತಾನೆ.
ಬರಿಗೈಯಲ್ಲಿ ಮುಟ್ಟಿದರೆ ಲಿವರಿಗೆ ತುಕ್ಕು ಹಿಡಿಯುತ್ತದಂತೆ,
ಅದಕ್ಕೇ ದಿನಕ್ಕೊಂದು ಟವೆಲು ಕದಿಯುತ್ತಾನೆ.
ಟೀ ಗಾಡಿ ಬಂದರೆ ಒಂದು ಗಳಿಗೆ ತಡೆದು
ಆಮೇಲೆ ಬಿಡುತ್ತಾನೆ.
ಈವರೆಗೆ ಒಂದೂ ಅಪಘಾತವಾಗಿಲ್ಲ.

"ಇನ್ನೂ ಇದೆಯಾ?" ಎನ್ನುತ್ತಾಳೆ ಹಿಲ್ಡಜ್ಜಿ.
"ಇದೆ."
ಬುಟ್ಟಿ ಎತ್ತಿಕೊಂಡು ಬಟ್ಟೆ ಕೋಣೆಗೆ ಹೋಗಿ
ಮಡಿಸಿದ್ದನ್ನೆಲ್ಲ ಕೊಡವಿ ಬಿಚ್ಚುತ್ತೇನೆ.
ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ,
ಗಂಟೆಗೆ ಹನ್ನೆರಡು ಪೌಂಡು ಚಿಲ್ಲರೆ.
ಮೊದಮೊದಲು ಕಳ್ಳತನ ಅನ್ನಿಸುತ್ತಿತ್ತು:
ಮುದುಕಿಯೊಬ್ಬಳ ಇಡೀ ಮಧ್ಯಾಹ್ನ
ಎರಡು ನಿಮಿಷದಲ್ಲಿ ನೆಲಸಮ.
ಈಗಲೂ ಅನ್ನಿಸುತ್ತದೆ, ನಿಜ ಹೇಳಬೇಕೆಂದರೆ.

ಕಳೆದ ಗುರುವಾರ ಚಿಲಕ ಹಾಕಲು ಮರೆತೆ.
ತಿರುಗಿದರೆ ಬಾಗಿಲಲ್ಲಿ ಅಜ್ಜಿ, ಒಂದೇ ಕಾಲಿಗೆ ಚಪ್ಪಲಿ.
ನನ್ನ ಕೈಯಲ್ಲಿ ಅರ್ಧ ಬಿಚ್ಚಿದ ನೀಲಿ ಟವೆಲು.
ಒಂದು ಸುಳ್ಳೂ ಸಮಯಕ್ಕೆ ಒದಗಲಿಲ್ಲ.

ಒಳಗೆ ಬಂದಳು. ಬಾಗಿಲು ಹಾಕಿದಳು.
"ಮೆಲ್ಲಗೆ. ಹುಡುಗಿಯರು ಕೇಳಿಸಿಕೊಂಡಾರು."
"ಯಾವ ಹುಡುಗಿಯರು?"
"ಮೇಲಿನ ಕೋಣೆಯ ಇಬ್ಬರು. ನವೆಂಬರು ಬಂತಲ್ಲ,
ಸಮುದ್ರ ನೋಡಲು ಒಂದು ನರಪಿಳ್ಳೆಯೂ ಬರುವುದಿಲ್ಲ.
ಹನ್ನೊಂದು ಕೋಣೆ, ಹನ್ನೊಂದೂ ಖಾಲಿ.
ಕೆಲಸವಿಲ್ಲ ಅಂದರೆ ಗಂಟುಮೂಟೆ ಕಟ್ಟುತ್ತವೆ,
ಪುಕ್ಕಟೆ ಸಂಬಳ ಕೊಟ್ಟರೆ ಮುಟ್ಟುವುದಿಲ್ಲ.
ಅದಕ್ಕೇ ರಾತ್ರಿ ನಾನೇ ಹಾಸಿಗೆ ಕೆದರಿ,
ಟವೆಲು ನೆನೆಸಿ, ಹಿಂಡಿ, ಮೂಲೆಗೆಸೆದು..."
ಮಾತು ಅಲ್ಲಿಗೆ ನಿಂತಿತು, ನಗು ನಿಲ್ಲಲಿಲ್ಲ.
ಮೂರು ವರ್ಷದಲ್ಲಿ ಅವಳ ಬಾಯಿಂದ
ಅಷ್ಟುದ್ದದ ಮಾತು ನಾನು ಕೇಳಿರಲಿಲ್ಲ.

ಸ್ಟೂಲಿನ ಮೇಲೆ ಕೂತು ತಾನೂ ಬಿಚ್ಚತೊಡಗಿದಳು.
ನನ್ನ ಹಾಗೆ ಬರೀ ಕೊಡವುವುದಲ್ಲ,
ಯಾರೋ ಈಗಷ್ಟೇ ಮಿಂದು
ತಲೆ ಒರೆಸಿಕೊಂಡು ಹೋದ ಹಾಗೆ
ಒಂದೊಂದಕ್ಕೂ ಬೇರೆ ಬೇರೆ ಸುಕ್ಕು.

ಹಾಳೆಯಲ್ಲಿ ಇದಕ್ಕೆ ಮನೆಯಿಲ್ಲ.
ಭಾಗವಹಿಸಿದರು ಎಂದು ಗುರುತು ಹಾಕಿದೆ,
ಯಾರು ಎಂದು ಬರೆಯಲಿಲ್ಲ.

ಶುಕ್ರವಾರ, ಎರಡೂವರೆ. ನನ್ನ ಮುಖ ಅವಳಿಗೆ ಗುರುತಿಲ್ಲ.
"ಹೊಸದಾಗಿ ಬಂದವಳಾ? ಕೂತುಕೋ. ನೋಡಿ ಕಲಿ."
ಮಡಿಸಿ ಮುಗಿಸಿ ಎಣಿಸಿದಳು: ಮೂವತ್ತೊಂಬತ್ತು.
ಇನ್ನೊಮ್ಮೆ ಎಣಿಸಿ ನನ್ನನ್ನು ದುರುಗುಟ್ಟಿ ನೋಡಿದಳು.
ಆಚೆ ಕೊಲ್ಲಿಗೆ ನೀರು ಮರಳುತ್ತಿತ್ತು.
ಕಿಟಕಿಯ ಬಳಿ ಸಿರಿಲ್, ಕೈಗೆ ಟವೆಲು ಸುತ್ತಿಕೊಂಡು,
ಯಾವುದೋ ಗಾಡಿಗೆ ದಾರಿ ಕೊಡುತ್ತಿದ್ದ.